ಹಳೆ ಮೇಜು, ಹೊಸ ಮೇಜು, ನಮ್ಮ ಮಳೆ

ಹೊನ್ನಾವರದಲ್ಲಿ ನನ್ನದೊಂದು ಮರಗೆಲಸದ ಶೆಡ್ಡು. ಒಂದು ಬದಿಯಲ್ಲಿ ಹಳೆಯ ಸಾಮಾನಿನ ರಿಪೇರಿ, ಇನ್ನೊಂದು ಬದಿಯಲ್ಲಿ ಹೊಸ ಕೆಲಸ. ಬರುವವರು ಹೆಚ್ಚಾಗಿ ಮೂರು ಊರಿನವರು. ಭಟ್ಕಳದಲ್ಲಿ ಗಲ್ಫ್ ದುಡಿಮೆಯಿಂದ ಹೊಸ ಮನೆ ಕಟ್ಟಿಸಿದವರು, ಹೊನ್ನಾವರದ ಹಿಸ್ಸೆಯಾದ ಹಳೆಮನೆಗಳವರು, ಕುಮಟಾದಲ್ಲಿ ಹೆದ್ದಾರಿ ಅಗಲವಾಗುವಾಗ ಮನೆಯ ಮುಂಭಾಗ ಕಳೆದುಕೊಂಡವರು. ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: “ಆಚಾರ್ರೇ, ಅಜ್ಜನ ಕಾಲದ್ದನ್ನೇ ಇಟ್ಟುಕೊಳ್ಳುವುದಾ, ಸೆಕೆಂಡ್ ಹ್ಯಾಂಡ್ ಸಾಗವಾನಿ ತರುವುದಾ, ಇಲ್ಲಾ ಶೋರೂಮಿನದ್ದೇ ಸಾಕಾ?”

ವಯಸ್ಸು ನೋಡಿ ಮೇಜು ಆರಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕರಾವಳಿಯಲ್ಲಿ ಮೇಜಿಗೆ ಎರಡೇ ಪರೀಕ್ಷೆ: ಅದರ ಮೇಲೆ ದಿನಾ ನಡೆಯುವ ಕೆಲಸ ಒಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಇನ್ನೊಂದು. ಎರಡರಲ್ಲೂ ಪಾಸಾದ ಮೇಜು ನೂರು ವರ್ಷದ್ದಾದರೂ ಸರಿ, ಮೊನ್ನೆಯದಾದರೂ ಸರಿ.

1. ಕೆಲಸ ಯಾವುದೆಂದು ಮೊದಲು ಹೇಳಿ

ಜನ ಹೆಚ್ಚಾಗಿ ಹುಡುಕಿಕೊಂಡು ಬರುವುದು ‘ಆಂಟಿಕ್ ಡೈನಿಂಗ್ ಟೇಬಲ್’. ಈ ಮೂರೂ ಊರಿನಲ್ಲಿ ಅದು ತೀರಾ ಅಪರೂಪ. ಇಲ್ಲಿ ಮೇಜಿನ ಮೇಲೆ ಉಂಡವರೇ ಕಡಿಮೆ. ಹವ್ಯಕರ ಮನೆಯಲ್ಲಿ ನೆಲದ ಮೇಲೆ ಬಾಳೆಲೆ, ಕೂರಲಿಕ್ಕೆ ಮಣೆ. ಕೊಂಕಣಿಗರ ಮನೆಯಲ್ಲೂ ಬಹುಮಟ್ಟಿಗೆ ಅದೇ. ಭಟ್ಕಳದ ನವಾಯತರಲ್ಲಿ ನೆಲಕ್ಕೆ ದಸ್ತರ್‌ಖಾನ್ ಹಾಸಿ, ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ಪದ್ಧತಿ. ಕೆಲವು ಕ್ರೈಸ್ತ ಮನೆ, ಸರಕಾರಿ ಬಂಗಲೆ ಬಿಟ್ಟರೆ ಊಟದ ಮೇಜು ನಮ್ಮಲ್ಲಿಗೆ ತಡವಾಗಿ ಬಂದ ಸಾಮಾನು.

ಹಾಗಾದರೆ ಇಲ್ಲಿನ ಹಳೆ ಮೇಜುಗಳು ಯಾವುವು? ಬಹುಪಾಲು ಬರೆಯುವ ಮೇಜುಗಳು. ಕುಮಟಾ ಒಂದು ಕಾಲಕ್ಕೆ ಹತ್ತಿಯ ಬಂದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಆ ಹತ್ತಿಗೆ ಊರಿನ ಹೆಸರೇ ಬಿದ್ದಿತ್ತು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಆ ವ್ಯಾಪಾರ ಏರಿತು. 1880ರ ದಶಕದಲ್ಲಿ ರೈಲು ಬಂದು ಸರಕು ಮರ್ಮಗೋವಾ ಕಡೆ ತಿರುಗಿದ ಮೇಲೆ ಇಳಿಯಿತು. ಇನ್ನೊಂದು ಸಂಗತಿ: 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಬಿಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ವ್ಯಾಪಾರವೂ ಕಚೇರಿಯೂ ಮುಂಬಯಿಗೆ ಮುಖ ಮಾಡಿದ ಊರುಗಳಿವು. ಕೋಠಿಗೆ, ಕಚೇರಿಗೆ, ವಕೀಲರ ಮನೆಗೆ ಬೇಕಾದದ್ದು ಡ್ರಾವರ್ ಇರುವ ಮೇಜು, ಲೆಕ್ಕ ಬರೆಯುವ ಮೇಜು. ಗುಮಾಸ್ತರು ನೆಲದ ಮೇಲೆ ಕೂತು ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಡೆಸ್ಕುಗಳೂ ಇದ್ದವು.

ಈ ಬರೆಯುವ ಮೇಜಿನ ಮೈಕಟ್ಟು ಊಟಕ್ಕೆ ಒಗ್ಗುವುದಿಲ್ಲ. ಹಲಗೆಯ ಕೆಳಗೆ ಡ್ರಾವರ್ ಕೂರಿಸಲು ಐದಾರು ಇಂಚಿನ ಪಟ್ಟಿ ಇರುತ್ತದೆ. ನೆಲದಿಂದ ಪಟ್ಟಿಯ ಅಡಿಗೆ 24 ಇಂಚಾದರೂ ಇಲ್ಲದಿದ್ದರೆ ಊಟಕ್ಕೆ ಕೂತವರ ಮೊಣಕಾಲು ತಾಗುತ್ತದೆ. ಅಗಲ ಎರಡು, ಎರಡೂವರೆ ಅಡಿ. ಎದುರುಬದುರು ತಟ್ಟೆ ಇಟ್ಟು ನಡುವೆ ಪಾತ್ರೆ ಇಡಲಿಕ್ಕೆ ಮೂರಡಿ ಬೇಕು. ಅಜ್ಜನ ಬರೆಯುವ ಮೇಜು ಇದ್ದರೆ ಅದನ್ನು ಬರೆಯುವ ಮೇಜಾಗಿಯೇ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುವವರಿಗೆ ಅದಕ್ಕಿಂತ ಗಟ್ಟಿ ಜಾಗ ಸಿಗುವುದಿಲ್ಲ. ಡೆಸ್ಕಿಗೆ ಉದ್ದದ ಕಾಲು ಹಚ್ಚಿಸಿ ‘ಕನ್ಸೋಲ್’ ಮಾಡಿಕೊಡಿ ಎಂದು ಬರುವವರನ್ನು ನಾನು ಹಾಗೇ ವಾಪಸು ಕಳಿಸುತ್ತೇನೆ.

ಅಂಗಡಿಗಳಲ್ಲಿ ‘ಆಂಟಿಕ್ ಡೈನಿಂಗ್’ ಎಂದು ಕಾಣುವುದು ಬಹುತೇಕ ಹಳೆಯ ಬಾಗಿಲು, ತೊಲೆ, ಅಟ್ಟದ ಹಲಗೆಯಿಂದ ಹೊಸದಾಗಿ ಮಾಡಿದ್ದು. ಕೆಟ್ಟದ್ದೇನಲ್ಲ, ಎಷ್ಟೋ ಮಳೆ ಕಂಡು ಒಣಗಿದ ಮರ ಹೊಸ ಮರಕ್ಕಿಂತ ಮೇಲು. ಆದರೆ ಅದು ಹಳೆ ಮರದ ಹೊಸ ಮೇಜು. ರೇಟು ಹೊಸ ಮೇಜಿನದ್ದೇ ಇರಲಿ.

2. ನೂರು ವರ್ಷದ ಗೆರೆ

ಆಂಟಿಕ್ ಎನ್ನಲು ನೂರು ವರ್ಷ ಆಗಿರಬೇಕು. ಇದು ವ್ಯಾಪಾರಿಗಳ ರೂಢಿಯೂ ಹೌದು, ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆ ಹಿಡಿದ ಗೆರೆಯೂ ಹೌದು. ವಿಂಟೇಜ್ ಎಂಬುದಕ್ಕೆ ಕಾನೂನಿನ ಅಳತೆ ಇಲ್ಲ. ಇಪ್ಪತ್ತು ಮೂವತ್ತು ವರ್ಷ ದಾಟಿದ, ನೂರು ಮುಟ್ಟದ ಸಾಮಾನಿಗೆಲ್ಲ ಆ ಹೆಸರು ಅಂಟಿಸುತ್ತಾರೆ. ಮಾರುವವನು ಹೇಳುವ ಹೆಸರಿಗೆ ದುಡ್ಡು ಕೊಡಬೇಡಿ.

3. ಮಗುಚಿ ಹಾಕಿ ನೋಡಿ

ಮೇಜಿನ ಮುಖ ಎಷ್ಟು ಬೇಕಾದರೂ ಸುಳ್ಳು ಹೇಳುತ್ತದೆ. ಹೊಟ್ಟೆಯ ಅಡಿ ಹೇಳುವುದಿಲ್ಲ. ಕೊಳ್ಳುವ ಮುಂಚೆ ಇಬ್ಬರು ಸೇರಿ ಮೇಜನ್ನು ಮಗುಚಿ, ಟಾರ್ಚ್ ಹಿಡಿದು ನೋಡಿ. ನೋಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಮೊದಲು ಗರಗಸದ ಗುರುತು. ಹಿಂದೆ ದಿಮ್ಮಿಯನ್ನು ಮೇಲೊಬ್ಬ ಕೆಳಗೊಬ್ಬ ನಿಂತು ಕೈಗರಗಸದಲ್ಲಿ ಕೊಯ್ಯುತ್ತಿದ್ದರು. ಆ ಗೆರೆಗಳು ನೇರ, ಆದರೆ ಒಂದರ ಓರೆ ಇನ್ನೊಂದಕ್ಕಿಲ್ಲ, ಅಂತರವೂ ಹೆಚ್ಚುಕಡಿಮೆ. ಬಿಲ್ಲಿನಂತೆ ಬಾಗಿದ ಗೆರೆ ಕಂಡರೆ ಅದು ಚಕ್ರದ ಗರಗಸದ ಮಿಲ್ಲಿನದು. ಒಂದೇ ಅಂತರದ ನೇರ ಗೆರೆಯಾದರೆ ಬ್ಯಾಂಡ್ ಸಾ. ಹಲಗೆಯ ಅಡಿಯನ್ನು ಹಳಬರು ಪೂರ್ತಿ ನುಣುಪು ಮಾಡುತ್ತಿರಲಿಲ್ಲ. ಅಂಗೈ ಆಡಿಸಿದರೆ ಕೀಸುಳಿಯ ಅಲೆ ಸಿಗುತ್ತದೆ.

ಆಮೇಲೆ ಮೊಳೆ, ಸ್ಕ್ರೂ. ಚೌಕ ತಲೆಯ, ಕೈಯಲ್ಲಿ ಬಡಿದ ಮೊಳೆ ಹಳೆಯದು. ದುಂಡನೆ ತಂತಿಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ತಲೆಯಲ್ಲಿ ‘ಪ್ಲಸ್’ ಗುರುತಿರುವ ಸ್ಕ್ರೂ 1930ರ ದಶಕದ್ದು, ನಮ್ಮ ಕಡೆ ಅದಕ್ಕಿಂತಲೂ ಈಚಿನದು. ಒಂದೆರಡು ಪ್ಲಸ್ ಸ್ಕ್ರೂ ಕಂಡರೆ ರಿಪೇರಿ ಎನ್ನಬಹುದು, ಎಲ್ಲ ಕಡೆ ಅದೇ ಇದ್ದರೆ ಮೇಜೇ ಈಚಿನದು. ಸಂದಿನಲ್ಲಿ ಒಣಗಿದ ಬಿಳಿ ಗೋಂದು ಕಂಡರೂ ಅಷ್ಟೇ. ಫೆವಿಕಾಲ್ ಪೇಟೆಗೆ ಬಂದದ್ದೇ 1959ರಲ್ಲಿ. ಅದಕ್ಕೂ ಹಿಂದಿನದು ಚರ್ಮ, ಮೂಳೆ ಬೇಯಿಸಿ ಮಾಡುತ್ತಿದ್ದ ಮರವಜ್ರ. ಕಂದು ಬಣ್ಣ, ಗಾಜಿನ ಹಾಗೆ ಒಡೆಯುತ್ತದೆ, ಬಿಸಿನೀರು ತಾಗಿದರೆ ಕರಗುತ್ತದೆ. ಒಳ್ಳೆ ಆಚಾರಿ ಗೋಂದನ್ನು ನಂಬಿ ಕೂತವನಲ್ಲ. ಕಂಡಿ ಕೊರೆದು, ನಾಲಗೆ ಕೂರಿಸಿ, ಅಡ್ಡಕ್ಕೆ ಬಿದಿರಿನದೋ ಮರದ್ದೋ ಮೊಳೆ ಹೊಡೆಯುತ್ತಿದ್ದ. ಕಾಲಿನ ಮೇಲ್ತುದಿಯಲ್ಲಿ ಆ ಮೊಳೆಯ ತಲೆ ಒಂದು ಚೂರು ಹೊರಬಂದಿದ್ದರೆ ಸಂತೋಷಪಡಿ: ಕಾಲು ಅಡ್ಡಕ್ಕೆ ಕುಗ್ಗಿದೆ, ಮೊಳೆ ಉದ್ದಕ್ಕೆ ಕುಗ್ಗಿಲ್ಲ.

ಅದೇ ಕಾರಣಕ್ಕೆ ದುಂಡು ಮೇಜು ಕಾಲ ಕಳೆದಂತೆ ದುಂಡಾಗಿ ಉಳಿಯುವುದಿಲ್ಲ. ನಾರಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಟೇಪು ಹಿಡಿಯಿರಿ. ಅಡ್ಡದ ಅಳತೆ ಸ್ವಲ್ಪವಾದರೂ ಕಡಿಮೆ ಬರಬೇಕು. ಫೆಬ್ರವರಿ, ಮಾರ್ಚಿನಲ್ಲಿ ಅಳೆದರೆ ಚೆನ್ನಾಗಿ ತಿಳಿಯುತ್ತದೆ. ಹಸಿ ಮರದಲ್ಲಿ ಮಾಡಿದ ಹೊಸ ಮೇಜೂ ಹೀಗೆ ಕುಗ್ಗೀತು. ಹಾಗಾಗಿ ಈ ಒಂದೇ ಸಾಕ್ಷಿಯ ಮೇಲೆ ತೀರ್ಮಾನ ಬೇಡ.

ಸವೆತವನ್ನು ನೋಡುವಾಗ ಮನುಷ್ಯರನ್ನು ನೆನೆಯಬೇಕು. ಬರೆಯುವವನ ಮುಂಗೈ ಉಜ್ಜುವ ಅಂಚು, ಕುರ್ಚಿ ಬಡಿಯುವ ಕಾಲು, ದಿನಾ ತೆಗೆಯುವ ಬಲಗಡೆಯ ಡ್ರಾವರಿನ ಅಡಿಪಟ್ಟಿ, ಇವು ಸವೆದಿರಬೇಕು. ಯಾರ ಕೈಯೂ ಹೋಗದ ಹಿಂಬದಿಯ ಮೂಲೆಯೂ ಅಷ್ಟೇ ಸವೆದಿದ್ದರೆ ಅದು ಸರಪಳಿಯಿಂದ ಬಡಿದು ಮಾಡಿದ ವಯಸ್ಸು. ಜೋಧಪುರದಲ್ಲಿ ಮಾವು, ಶೀಶಂ ಮರದ ಹೊಸ ಸಾಮಾನನ್ನು ಹಳೆಯದಾಗಿ ಕಾಣಿಸುವುದೇ ದೊಡ್ಡ ಉದ್ದಿಮೆ. ಹಾಗೆಂದು ಹೇಳಿಯೇ ಮಾರಿದರೆ ತಕರಾರಿಲ್ಲ.

ಕಣ್ಣು ಪಳಗಬೇಕಾದರೆ ಕೊಳ್ಳುವ ಮೊದಲು ಮಣಿಪಾಲಕ್ಕೆ ಹೋಗಿಬನ್ನಿ. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಭಟ್ಕಳದ ನವಾಯತರ ಮನೆಯೊಂದನ್ನೂ ತಂದು ನಿಲ್ಲಿಸಿದ್ದಾರೆ. ಅಸಲಿ ಕೆಲಸ ಕಣ್ತುಂಬ ನೋಡಿದವರು ಅಂಗಡಿಯಲ್ಲಿ ಬೇಗ ಮೋಸಹೋಗುವುದಿಲ್ಲ.

4. ‘ಬರ್ಮಾ ಟೀಕ್’ ಎಂದರೆ ಬೆಚ್ಚಬೇಡಿ

ಹಳೆಯ ಸಾಗವಾನಿ ಮೇಜೆಲ್ಲ ಬರ್ಮಾದಿಂದ ಬಂದದ್ದು ಎಂಬ ಮಾತು ಪೇಟೆಯಲ್ಲಿ ಓಡುತ್ತದೆ. ಬರ್ಮಾದ ಸಾಗವಾನಿ ಆಗ ಮುಂಬಯಿಗೆ ಧಾರಾಳವಾಗಿ ಬರುತ್ತಿತ್ತು, ನಿಜ. ಆದರೆ ಘಟ್ಟದ ಮೇಲೆ ದಾಂಡೇಲಿ, ಯಲ್ಲಾಪುರದ ಕಾಡಿನಲ್ಲಿ ಸಾಗವಾನಿ ಇಟ್ಟುಕೊಂಡು ಕುಮಟಾದವನು ಸಮುದ್ರದಾಚೆಗೆ ಕೈ ಚಾಚುವ ಅಗತ್ಯ ಏನಿತ್ತು? ಇಲ್ಲಿನ ಮನೆಯಿಂದ ಹೊರಬಂದ ಮೇಜು ಇಲ್ಲಿನ ಮರದ್ದೇ ಆಗಿರುವ ಸಾಧ್ಯತೆ ಹೆಚ್ಚು, ಅದು ಯಾವ ಲೆಕ್ಕದಲ್ಲೂ ಕಡಿಮೆಯಲ್ಲ. ಹೊಸ ಮೇಜಿಗೆ ‘ಬರ್ಮಾ’ ಎಂದರೆ ಇನ್ನೂ ಹುಷಾರು: ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿ ರಫ್ತನ್ನೇ ನಿಲ್ಲಿಸಿತು. ಈಗ ಹೊರಗಿಂದ ಬರುವ ಸಾಗವಾನಿಯಲ್ಲಿ ಘಾನಾ, ಈಕ್ವೆಡಾರ್, ಪನಾಮಾದಂಥ ದೇಶಗಳ ನೆಡುತೋಪಿನದು ಬಹಳ.

ನೆಡುತೋಪಿನ ಮರ ಎಂದಮಾತ್ರಕ್ಕೆ ಬೇಡವೆನ್ನಬೇಡಿ. ಬೇಗ ಬೆಳೆದ ಸಾಗವಾನಿ ಮೆತ್ತಗೆ ಎಂಬುದು ಪೂರ್ತಿ ಸರಿಯಲ್ಲ. ನೋಡಬೇಕಾದದ್ದು ಕೆಚ್ಚು ಎಷ್ಟಿದೆ, ಹೊರಗಿನ ಬಿಳಿಭಾಗ ಎಷ್ಟಿದೆ ಎಂಬುದನ್ನು. ಒರಲೆಗೆ ಆಗದ ಅಂಶ ಇರುವುದು ಕೆಚ್ಚಿನಲ್ಲಿ. ಎಳೆ ಮರದಲ್ಲಿ ಕೆಚ್ಚು ಕಡಿಮೆ. ಬಿಳಿಭಾಗಕ್ಕೆ ಬಣ್ಣ ಹಚ್ಚಿ ಕೆಚ್ಚಿನ ಜೊತೆ ಸೇರಿಸಿಬಿಡುತ್ತಾರೆ. ಅದಕ್ಕೂ ಮೇಜಿನ ಅಡಿಭಾಗವೇ ಮದ್ದು.

ಬೇರೆ ಮರಗಳ ಬಗ್ಗೆ ಎರಡು ಮಾತು. ಹಲಸು ಹೊಸದಿರುವಾಗ ಅರಿಸಿನದ ಬಣ್ಣ, ಹಳೆಯದಾದಂತೆ ಕೆಂಗಂದು. ಬೆಲೆಗೆ ಹೋಲಿಸಿದರೆ ಇಷ್ಟು ಒಳ್ಳೆಯ ಮೇಜಿನ ಮರ ಕಡಿಮೆ. ಹೊನ್ನೆ ಗಟ್ಟಿ, ಆದರೆ ಅದರ ಮೇಲೆ ಒದ್ದೆ ಬಟ್ಟೆ ಮರೆತರೆ ಹಳದಿ ಕಲೆ. ಮತ್ತಿಯ ಭಾರ ಹೆಚ್ಚು, ಒಣಗುವಾಗ ಸೀಳುವ ಚಾಳಿ ಇದೆ. ಬೀಟೆ ಮನೆಯಲ್ಲಿದ್ದರೆ ಪುಣ್ಯ. ಸಾಗವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ 850ರ ಹತ್ತಿರ. ಕಪ್ಪು ಬಣ್ಣ ಬಳಿದು ಬೀಟೆ ಎಂದು ಮಾರುವುದೂ ಉಂಟು. ಎತ್ತಿ ನೋಡಿದರೆ ತೋಳೇ ಹೇಳುತ್ತದೆ. ದೊಡ್ಡ ಮೊತ್ತದ ವ್ಯವಹಾರವಾದರೆ ಮರದ ಚೂರನ್ನು ಬೆಂಗಳೂರು ಮಲ್ಲೇಶ್ವರದ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು.

5. ಮೇನಲ್ಲಿ ಕೊಂಡ ಮೇಜಿನ ಡ್ರಾವರ್ ಜುಲೈಯಲ್ಲಿ ತೆಗೆದು ನೋಡಿ

ನಮ್ಮ ಮೂರೂ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮರ ಎಷ್ಟೇ ಹಳೆಯದಾದರೂ ಗಾಳಿಯ ತೇವ ಕುಡಿಯುವುದನ್ನು ಬಿಡುವುದಿಲ್ಲ. ಗಾಳಿಯ ತೇವಾಂಶ ಶೇ. 90ರ ಆಸುಪಾಸು ನಿಂತರೆ ಮರದೊಳಗಿನ ತೇವ ಶೇ. 20ರತ್ತ ಏರುತ್ತದೆ. ಶೇ. 50ಕ್ಕೆ ಇಳಿದರೆ ಮರದ್ದು ಶೇ. 9ರ ಹತ್ತಿರ. ಇದರಿಂದ ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಇದ್ದುದರಲ್ಲಿ ಸಾಗವಾನಿ ಕಡಿಮೆ ಉಬ್ಬುವ ಮರ. ಆದರೂ ಮೂರಡಿ ಅಗಲದ ಹಲಗೆ ಮಾರ್ಚಿನಿಂದ ಜುಲೈಗೆ ಕಾಲಿಂಚಿನಷ್ಟು ಹಿಗ್ಗಿದರೆ ನಾನು ಆಶ್ಚರ್ಯಪಡುವುದಿಲ್ಲ.

ಆದ್ದರಿಂದ ಬೇಸಿಗೆಯಲ್ಲಿ ಡ್ರಾವರ್ ಕಚ್ಚಿಕೊಂಡಂತೆ ಬಿಗಿಯಾಗಿದ್ದರೆ ಅದನ್ನು ‘ಫಿಟ್ಟಿಂಗ್ ಎಷ್ಟು ಚೆನ್ನಾಗಿದೆ’ ಎಂದು ಹೊಗಳಬೇಡಿ, ಮಳೆಗಾಲದಲ್ಲಿ ಅದು ತೆರೆಯುವುದಿಲ್ಲ. ಬೇಸಿಗೆಯಲ್ಲಿ ಸ್ವಲ್ಪ ಗಡಗಡ ಅನ್ನಬೇಕು. ಜುಲೈಯಲ್ಲಿ ಸಿಕ್ಕಿಕೊಂಡಿತು ಎಂದು ಕೀಸಿಸಲು ತರುವವರಿಗೆ ನಾನು ಹೇಳುವುದು, “ಚೌತಿ ಕಳೀಲಿ, ಆಮೇಲೆ ನೋಡುವ.” ಮೇಣದ ಬತ್ತಿ ಉಜ್ಜಿದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಹಲಗೆಗೆ ಉಬ್ಬಲು ಜಾಗ ಬಿಟ್ಟಿದ್ದಾರಾ ಎಂದು ನೋಡುವುದು ಇನ್ನೂ ಮುಖ್ಯ. ಹಳಬರು ಹಲಗೆಯನ್ನು ಚೌಕಟ್ಟಿಗೆ ಮರದ ಚಿಕ್ಕ ತುಂಡುಗಳಿಂದ ಹಿಡಿಸುತ್ತಿದ್ದರು. ತುಂಡಿನ ನಾಲಗೆ ಪಟ್ಟಿಯಲ್ಲಿ ಕೊರೆದ ತೋಡಿನಲ್ಲಿ ಜಾರುತ್ತದೆ. ಈಗ ಅವಸರದ ಕೆಲಸದವರು ಸುತ್ತಲೂ ಗೋಂದು ಹಾಕಿ ಸ್ಕ್ರೂ ಬಿಗಿದುಬಿಡುತ್ತಾರೆ. ಅಂಥ ಹಲಗೆ ಒಂದೆರಡು ವರ್ಷದಲ್ಲಿ ನಡುವೆ ಸೀಳುತ್ತದೆ ಅಥವಾ ಹಪ್ಪಳದ ಹಾಗೆ ಏಳುತ್ತದೆ. ಹೊಸ ಮೇಜು ಮಾಡಿಸುವವರು ಆಚಾರಿಗೆ ಇದೊಂದನ್ನು ಮೊದಲೇ ಹೇಳಿ: ಸ್ಕ್ರೂ ತೂತು ಅಡ್ಡಕ್ಕೆ ಉದ್ದವಾಗಿರಲಿ, ಹಲಗೆಯ ಅಡಿಗೆ ಗೋಂದು ಬೇಡ.

ಊರಿನ ಮೇಜನ್ನು ಬೆಂಗಳೂರಿನ ಫ್ಲ್ಯಾಟಿಗೆ ಒಯ್ಯುವವರಿಗೆ ಇನ್ನೊಂದು ಮಾತು. ಇಲ್ಲಿ ನೂರು ಮಳೆ ತಡೆದ ಹಲಗೆ ಅಲ್ಲಿನ ಮೊದಲ ಮಾರ್ಚಿನಲ್ಲಿ ಬಿರುಕು ಬಿಡಬಹುದು. ಮಳೆಗಾಲ ಮುಗಿಯುವಾಗ ಒಯ್ಯಿರಿ, ನಿಧಾನ ಒಣಗುತ್ತದೆ. ಏಸಿಯ ಗಾಳಿ ನೇರ ಬೀಳುವ ಜಾಗ, ಬಿಸಿಲು ಬರುವ ಕಿಟಕಿ ಎರಡೂ ಬೇಡ. ಅಲ್ಲಿನ ಶೋರೂಮಿನ ಒಣ ಮೇಜು ಇಲ್ಲಿಗೆ ಬರುವಾಗ ಆಗುವುದು ಇದರ ಉಲ್ಟಾ. ಅದು ಜೂನಿನಲ್ಲಿ ಬಂದಿಳಿಯದಿದ್ದರೆ ಒಳ್ಳೆಯದು.

6. ಕುಟ್ಟೆಯ ಪುಡಿ ಹೊಸದೋ ಹಳೆಯದೋ

ಹಳೆ ಮೇಜಿನಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು ಕಂಡ ಕೂಡಲೇ ಬಿಟ್ಟುಹೋಗಬೇಡಿ. ಕುಟ್ಟೆ ಯಾವಾಗಲೋ ತಿಂದು ಹೋಗಿರಬಹುದು. ಮೇಜಿನಡಿ ಕಪ್ಪು ಕಾಗದ ಹಾಸಿ, ಮೆಲ್ಲಗೆ ತಟ್ಟಿ, ಒಂದು ವಾರ ಬಿಡಿ. ತಿಳಿ ಬಣ್ಣದ ನುಣ್ಣನೆ ಪುಡಿ ಬಿದ್ದರೆ ಹುಳ ಒಳಗೇ ಇದೆ. ಅದು ತಿನ್ನುವುದು ಬಿಳಿಭಾಗವನ್ನು, ಹಾಗಾಗಿ ಕೆಚ್ಚಿನ ಮೇಜಿನಲ್ಲಿ ಹಾನಿ ಅಂಚಿನಲ್ಲೇ ನಿಲ್ಲುತ್ತದೆ. ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಪಾಲೀಶಿಲ್ಲದ ಕಡೆ ಎರಡು ಮೂರು ಸಲ ಕುಡಿಸಿದರೆ ಸಾಕಾಗುತ್ತದೆ. ಪಾಲೀಶಿನ ಮೇಲೆ ಹಚ್ಚಿದರೆ ಒಳಗೆ ಇಳಿಯುವುದೇ ಇಲ್ಲ.

ಒರಲೆ ಬೇರೆ ಜಾತಿ. ಅದು ನೆಲದಿಂದ, ಗೋಡೆಯಿಂದ ಬರುತ್ತದೆ. ಮೇಜಿಗೆ ಮದ್ದು ಹಾಕಿ ಗೋಡೆಗೆ ಒತ್ತಿ ಇಟ್ಟರೆ ಪ್ರಯೋಜನವಿಲ್ಲ. ನಾಲ್ಕಿಂಚು ದೂರ ಇಡಿ. ನೆಲ ಒರೆಸುವ ನೀರು ದಿನಾ ಕುಡಿಯುವ ಕಾಲಿನ ತುದಿಯೇ ಮೊದಲು ಕೊಳೆಯುವುದು. ಅಲ್ಲಿಗೆ ಹಿತ್ತಾಳೆಯ ಟೊಪ್ಪಿಯೋ ರಬ್ಬರಿನ ಬುಶ್ಶೋ ಬೇಕು. ನಮ್ಮ ಕಡೆ ಪಕಾಸು, ತೊಲೆ, ದೋಣಿಗೆ ಗೇರುಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ರೂಢಿ. ಕಾಲಿನ ತಳಕ್ಕೆ ಅದನ್ನೇ ಹಚ್ಚಬಹುದು. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕರಿ ಕಲೆ ಹೋಗುವುದಿಲ್ಲ. ಕೈ ತಾಗುವ ಜಾಗಕ್ಕೆ ಬೇಡವೇ ಬೇಡ.

7. ಪಾಲೀಶು ಕೆರೆಸುವ ಮೊದಲು

“ಹೊಸ್ತರ ಹಾಗೆ ಮಾಡಿಕೊಡು” ಎನ್ನುವವರ ಜೊತೆ ನನ್ನದು ದಿನಾ ಜಗಳ. ನೂರು ವರ್ಷದ ಬಣ್ಣ ಒಂದು ಮಧ್ಯಾಹ್ನದ ಸ್ಯಾಂಡಿಂಗ್ ಮೆಷಿನ್ನಿಗೆ ಹೋಗುತ್ತದೆ, ಅದರ ಜೊತೆ ಬೆಲೆಯೂ ಹೋಗುತ್ತದೆ. ಕಾಣದ ಮೂಲೆಯಲ್ಲಿ ಸ್ಪಿರಿಟಿನಲ್ಲಿ ಅದ್ದಿದ ಹತ್ತಿ ಉಜ್ಜಿ ನೋಡಿ. ಅಂಟಾಗಿ ಬಣ್ಣ ಬಿಟ್ಟರೆ ಅದು ಅರಗಿನ ಫ್ರೆಂಚ್ ಪಾಲೀಶು. ಅದನ್ನು ಪೂರ್ತಿ ಕೆರೆಯಬೇಕಾಗಿಯೇ ಇಲ್ಲ. ಸ್ಪಿರಿಟಿನಲ್ಲಿ ಅರಗು ಕರಗಿಸಿ ಬಟ್ಟೆಯುಂಡೆಯಿಂದ ಎಳೆದರೆ ಹಳೆ ಪದರವೇ ಮತ್ತೆ ಕೂಡಿಕೊಳ್ಳುತ್ತದೆ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಿಸಬೇಡಿ, ತೇವ ಸಿಕ್ಕಿ ಹಾಲಿನಂಥ ಬಿಳುಪು ಬರುತ್ತದೆ.

ಅರಗಿನ ಪಾಲೀಶಿಗೆ ಬಿಸಿ ಪಾತ್ರೆ ಆಗುವುದಿಲ್ಲ, ನೀರಿನ ಲೋಟವೂ ಆಗುವುದಿಲ್ಲ. ಅರಿಸಿನ ಹಾಕಿದ ಮೀನಿನ ಸಾರು ಚೆಲ್ಲುವ ಮನೆಯಲ್ಲಿ ಅಂಥ ಮೇಜಿನ ಮೇಲೆ ಉಣ್ಣುವುದು ಮೇಜಿಗೂ ಹಿಂಸೆ, ಮನೆಯವರಿಗೂ ಹಿಂಸೆ. ಊಟದ ಮೇಜಿಗೆ ಮೆಲಮೈನ್ ಅಥವಾ ಪಿಯು ಪಾಲೀಶೇ ಸರಿ, ಆದ್ದರಿಂದಲೇ ಊಟಕ್ಕೆ ಆಂಟಿಕ್ ಮೇಜು ಬೇಡ ಎನ್ನುತ್ತೇನೆ.

ಗಾಜು ಹಾಸಿದರೆ ಆಯ್ತಲ್ಲ ಎಂದು ಕೇಳುತ್ತಾರೆ. ಗಾಜು ನೇರ ಮರದ ಮೇಲೆ ಕೂತರೆ ಮಳೆಗಾಲದ ತೇವ ನಡುವೆ ಸಿಕ್ಕಿ ಬೂಷ್ಟು ಹಿಡಿಯುತ್ತದೆ. ಹಾಸಲೇಬೇಕಾದರೆ ಕೆಳಗೆ ರಬ್ಬರಿನ ಚಿಕ್ಕ ಗುಂಡಿ ಕೊಟ್ಟು ಗಾಳಿ ಆಡಲು ಬಿಡಿ. ಪ್ಲಾಸ್ಟಿಕ್ ಹಾಳೆ ಗಾಜಿಗಿಂತ ಕಡೆ.

8. ನಡುವಿನ ಕಾಲದ ಮೇಜುಗಳು

ನನ್ನ ಒಲವು ಇವುಗಳ ಕಡೆ, ಮುಚ್ಚಿಡುವುದಿಲ್ಲ. 1950ರಿಂದ 80ರವರೆಗೆ ಶಾಲೆ, ಬ್ಯಾಂಕು, ಸೊಸೈಟಿ, ಪಂಚಾಯತಿ ಕಚೇರಿಗಳಿಗೆ ಊರಿನ ಆಚಾರಿಗಳೇ ಮಾಡಿಕೊಟ್ಟ ಮೇಜುಗಳು ಈಗ ಹರಾಜಿನಲ್ಲಿ, ಗುಜರಿಯಲ್ಲಿ ಬರುತ್ತವೆ. ಕಾಲು ನೇರ, ಕೆತ್ತನೆ ಇಲ್ಲ, ಹಲಗೆ ಒಂದಿಂಚು ದಪ್ಪ, ಮರ ಸಾಗವಾನಿಯೋ ಹೊನ್ನೆಯೋ. ಬದಿಯಲ್ಲಿ ನಂಬರು ಬರೆದ ಬಿಳಿ ಬಣ್ಣ. ಆಂಟಿಕ್ ಅಲ್ಲವಾದ್ದರಿಂದ ಕೆರೆದರೂ ಪಾಪವಿಲ್ಲ, ಪಟ್ಟಿ ತಗ್ಗಿಸಿದರೂ ಪಾಪವಿಲ್ಲ. ಎತ್ತರ ಹೆಚ್ಚಾಗಿ 30 ಇಂಚು, ಅಂದರೆ ಊಟಕ್ಕೂ ಸರಿ. ಡ್ರಾವರ್ ತೆಗೆಸಿ ಪಿಯು ಹಚ್ಚಿದರೆ ನಾಲ್ಕು ಜನರ ಊಟದ ಮೇಜು ಸಿದ್ಧ.

ಸನ್ಮೈಕಾ ಅಂಟಿಸಿದ ಹಲಗೆಯನ್ನು ಕಂಡು ಮೂಗು ಮುರಿಯಬೇಡಿ. ಅದು ಬಿಸಿಗೆ, ಕಲೆಗೆ ಮರಕ್ಕಿಂತ ಗಟ್ಟಿ. ಅಂಚು ಎದ್ದಿದೆಯೇ, ಕೆಳಗಿನ ಪ್ಲೈ ಉಬ್ಬಿದೆಯೇ ಎಂದಷ್ಟೇ ನೋಡಿ. ಗೋದ್ರೆಜ್ ತರದ ಉಕ್ಕಿನ ಮೇಜು ಮಾತ್ರ ಸಮುದ್ರಕ್ಕೆ ಹತ್ತಿರದ ಮನೆಗೆ ಬೇಡ. ಉಪ್ಪುಗಾಳಿ ಒಳಗಿನ ಮಡಿಕೆಯಿಂದ ತಿನ್ನುತ್ತಾ ಬರುತ್ತದೆ. ಹೊರಗಿನ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡು ಉಳಿದಿರುವುದಿಲ್ಲ. ಒಳನಾಡಿನವರಿಗೆ ಅಡ್ಡಿಯಿಲ್ಲ.

9. ಹೊಸದು ಕೊಳ್ಳುವವರಿಗೆ

ಹೊಸ ಮೇಜಿನ ವೈರಿ ಅಂಚು, ನೀರು ಒಳಗಿಳಿಯುವುದು ಅಲ್ಲಿಂದಲೇ. ಪಾರ್ಟಿಕಲ್ ಬೋರ್ಡು, ಎಂಡಿಎಫ್ ಎರಡೂ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ, ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಎರಡನೇ ಸಲ ಹಿಡಿಯುವುದಿಲ್ಲ. ಎಂಡಿಎಫ್ ಭಾರವೂ ಇರುತ್ತದೆ, ಆದ್ದರಿಂದ ‘ಭಾರ ಇದೆ, ಮರವೇ ಇರಬೇಕು’ ಎಂಬ ಲೆಕ್ಕ ನಡೆಯುವುದಿಲ್ಲ. ಕಾಲಿಗೆ ಹಾಕಿದ ಪ್ಲಾಸ್ಟಿಕ್ ಬುಶ್ ಎಬ್ಬಿಸಿ ನೋಡಿದರೆ ಒಳಗಿನ ಹುಡಿ ಕಾಣುತ್ತದೆ. ಪ್ಲೈಯಲ್ಲಿ ಮಾಡಿಸುವುದಾದರೆ ಹಾಳೆಯ ಮೇಲಿನ ಐಎಸ್ಐ ಗುರುತು ಓದಿ: ಐಎಸ್ 710 ಎಂದರೆ ಮೆರೈನ್ ಪ್ಲೈ, ಐಎಸ್ 303 ಸಾಮಾನ್ಯದ್ದು. 303ರಲ್ಲೂ ‘ಎಂಆರ್’ ದರ್ಜೆ ನಮ್ಮ ಮಳೆಗೆ ಸಾಲದು, ‘ಬಿಡಬ್ಲ್ಯೂಆರ್’ ಇರಲಿ. ಗೋಂದೂ ನೀರು ತಡೆಯುವ ಜಾತಿಯದೇ ಬೇಕು, ಇಲ್ಲದಿದ್ದರೆ ಒಳ್ಳೆ ಪ್ಲೈ ತಂದೂ ವ್ಯರ್ಥ.

ರಬ್ಬರ್ ಮರದ ಮೇಜು ಅಂಗಡಿಯಲ್ಲಿ ಚಂದ. ಮದ್ದು ಕೊಟ್ಟು, ಭಟ್ಟಿಯಲ್ಲಿ ಒಣಗಿಸಿದ್ದಾದರೆ ಬಾಳುತ್ತದೆ. ಇಲ್ಲವಾದರೆ ಬೂಷ್ಟಿಗೂ ಕುಟ್ಟೆಗೂ ಅದೇ ಮೊದಲ ತುತ್ತು. ನಮ್ಮಲ್ಲೇ ಬೆಳೆಯುವ ಅಕೇಶಿಯಾ ಚೆನ್ನಾಗಿ ಒಣಗಿದ್ದರೆ ಒಳ್ಳೆಯ ಗಟ್ಟಿ ಮೇಜಾಗುತ್ತದೆ. ಬಣ್ಣವೂ ಚೆಂದ, ಬೆಲೆಯೂ ಕೈಗೆಟುಕುತ್ತದೆ. ಸೌದೆ ಮರ ಎಂದು ಜನ ಯಾಕೆ ಹಿಂಜರಿಯುತ್ತಾರೋ ತಿಳಿಯದು. ಮೇಲೆ ಗ್ರಾನೈಟು, ಕೆಳಗೆ ಮರದ ಚೌಕಟ್ಟು ಎಂಬ ಜೋಡಿಯೂ ಈ ಹವೆಗೆ ಒಗ್ಗುತ್ತದೆ. ಕಬ್ಬಿಣದ ಚೌಕಟ್ಟಾದರೆ ಬೆಸುಗೆಯ ಸಂದಿ ನೋಡಿ. ಕಡಲಿಗೆ ಹತ್ತಿರದವರು ಸ್ಟೀಲಿನಲ್ಲಿ 304ಕ್ಕಿಂತ 316 ಕೇಳಿ.

10. ಮರದ ಲೆಕ್ಕ ಹಾಕಲು ಕಲಿಯಿರಿ

ರೇಟು ಕೇಳಿದಾಗ ದಿಕ್ಕು ತಪ್ಪದಿರಲು ಘನ ಅಡಿಯ ಲೆಕ್ಕ ಸಾಕು. ಐದಡಿ ಉದ್ದ, ಮೂರಡಿ ಅಗಲ, ಒಂದಿಂಚು ದಪ್ಪದ ಹಲಗೆ ಒಂದೂಕಾಲು ಘನ ಅಡಿ. ಮೂರಿಂಚು ಚೌಕದ, 30 ಇಂಚು ಉದ್ದದ ನಾಲ್ಕು ಕಾಲಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸುತ್ತಲಿನ ಪಟ್ಟಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಒಟ್ಟು ಎರಡೂಕಾಲರ ಮೇಲೆ. ಕೊಯ್ದು ಕೀಸಿದ ನಷ್ಟ ಸೇರಿ ಮೂರು ಹಿಡಿಯಿರಿ. ಆ ವಾರದ ಸಾಮಿಲ್ಲಿನ ರೇಟಿನಿಂದ ಗುಣಿಸಿ, ಅದರ ಮೇಲೆ ಕೂಲಿ, ಪಾಲೀಶು. ಹಳೆಯ ಸಾದಾ ಮೇಜನ್ನು ಈ ಮೊತ್ತಕ್ಕಿಂತ ಕಡಿಮೆಗೆ ಕೊಟ್ಟರೆ ಕಣ್ಣು ಮುಚ್ಚಿ ತಗೊಳ್ಳಿ, ಒಣಗಿದ ಮರ ಸಿಕ್ಕಿದಂತಾಯಿತು. ಅದಕ್ಕಿಂತ ಬಹಳ ಹೆಚ್ಚು ಹೇಳಿದರೆ ಹೆಚ್ಚಿನದ್ದು ಯಾವುದಕ್ಕೆ ಎಂದು ಕೇಳಿ. ಕೆತ್ತನೆಗೋ, ಬೀಟೆಗೋ, ನೂರು ವರ್ಷಕ್ಕೋ? ಉತ್ತರವನ್ನು ಮೂರನೇ ಪಾಠದ ಪ್ರಕಾರ ತಾಳೆ ನೋಡಿ. ಅಂದಹಾಗೆ, ಇಷ್ಟು ದೊಡ್ಡ ಸಾಗವಾನಿ ಮೇಜು 40 ಕಿಲೋದ ಆಸುಪಾಸು ತೂಗಬೇಕು.

11. ಬಾಗಿಲು ಅಳೆಯಿರಿ

ಹಳೆಮನೆಯ ಬಾಗಿಲು ತಗ್ಗು, ಕಿರಿದು. ಭಟ್ಕಳದ ಹಳೆ ಓಣಿಗಳಲ್ಲಿ ಗಾಡಿಯೇ ಮನೆಯವರೆಗೆ ಬರುವುದಿಲ್ಲ, ಮಾಳಿಗೆಯ ಮರದ ಏಣಿಮೆಟ್ಟಿಲಿನ ತಿರುವಿನಲ್ಲಿ ಆರಡಿ ಹಲಗೆ ತಿರುಗುವುದಿಲ್ಲ. ಕೂತವರ ಹಿಂದೆ ಓಡಾಡಲು ಮೂರಡಿ, ಒಬ್ಬೊಬ್ಬರಿಗೆ ಎರಡಡಿ ಅಂಚು. ನೆಲದ ಮೇಲೆ ಕೂತು ಉಣ್ಣುವುದನ್ನು ಈಗಲೂ ಇಟ್ಟುಕೊಂಡ ಮನೆಗಳಿಗೆ ದೊಡ್ಡ ಮೇಜು ಹಬ್ಬದ ದಿನ ಅಡ್ಡಿಯೇ. ಅಂಥವರಿಗೆ ಮಡಚಿ ಗೋಡೆಗೆ ಒರಗಿಸುವ ರೆಕ್ಕೆಯ ಮೇಜು ಮಾಡಿಕೊಡುತ್ತೇನೆ.

12. ದುಬೈಗೆ ಒಯ್ಯುವ ಮುಂಚೆ

ಭಟ್ಕಳದಿಂದ ಬರುವ ಹುಡುಗರು ಕೇಳುತ್ತಾರೆ, “ಅಣ್ಣಾ, ಅಜ್ಜನ ಮೇಜು ಪ್ಯಾಕ್ ಮಾಡಿಕೊಡಿ, ದುಬೈ ಮನೆಗೆ ಕಳಿಸ್ತೇನೆ.” ಪ್ಯಾಕ್ ಮಾಡುವುದು ಕಷ್ಟವಲ್ಲ. ನೂರು ವರ್ಷ ದಾಟಿ, ಪ್ರಾಚ್ಯವಸ್ತು ಎನಿಸಿಕೊಂಡ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮದು ಆ ಸಾಲಿನದ್ದಲ್ಲ ಎನ್ನುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಮೊದಲೇ ತೆಗೆದುಕೊಳ್ಳಿ, ಕಸ್ಟಮ್ಸಿನಲ್ಲಿ ನಿಂತು ವಾದ ಮಾಡಬೇಡಿ. ಬೀಟೆಯದ್ದಾದರೆ ವಯಸ್ಸು ಎಷ್ಟೇ ಇರಲಿ ಇನ್ನೊಂದು ಕಾಗದ ಬೇಕು: 2017ರ ಜನವರಿ 2ರಿಂದ ಬೀಟೆಯ ಕುಲವೆಲ್ಲ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಹಳೆಮನೆ ಬಿಚ್ಚಿ ತೊಲೆ, ಹಲಗೆ ಸಾಗಿಸುವವರು ದೇಶದ ಒಳಗೂ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿಕೊಂಡೇ ಲಾರಿ ಹೊರಡಿಸಿ.

ಹಿಸ್ಸೆಯಾಗುವ ಮನೆಗಳಲ್ಲಿ ಮೇಜು ಒಂದು, ಮಕ್ಕಳು ನಾಲ್ವರು. ಸಮ ಪಾಲು ಮಾಡಲೆಂದು ಹಲಗೆ ಒಬ್ಬನಿಗೆ, ಕಾಲು ಒಬ್ಬನಿಗೆ ಎಂದು ಬಿಚ್ಚಿಸಲು ಬಂದವರೂ ಇದ್ದಾರೆ. ಅವರಿಗೆ ಮೇಜಿನ ಬೆಲೆ ಕಟ್ಟಿಕೊಡುತ್ತೇನೆ. ಇಟ್ಟುಕೊಂಡವನು ಉಳಿದ ಮೂವರಿಗೆ ದುಡ್ಡು ಕೊಡಲಿ. ಗರಗಸ ಹಚ್ಚಿ ಎಂದರೆ ಆ ಕೆಲಸ ನನ್ನ ಶೆಡ್ಡಿನಲ್ಲಿ ಆಗುವುದಿಲ್ಲ ಎನ್ನುತ್ತೇನೆ.